ಮೊದಲು ಒಂದು ಉಳಿಗೆ ಸರಿಯಾಗಿ ಸಾಣೆ ಹಿಡಿಯಿರಿ

ಮರಗೆಲಸ ಕಲಿಯಬೇಕು, ಏನೇನು ಕೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳುವ ಪಟ್ಟಿ ತುಂಬಾ ಚಿಕ್ಕದು. ಮುಕ್ಕಾಲು ಇಂಚಿನ ಒಂದು ಉಳಿ, ನೀರು ಹಾಕಿ ಮಸೆಯುವ ಎರಡು ಸಾಣೆಕಲ್ಲು. ಗರಗಸ, ಮರ ಹೆರೆಯುವ ಹತ್ತರಿ, ಕೊಡತಿ ಎಲ್ಲ ಆಮೇಲೆ. ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ, ಗೊತ್ತು. ಆದರೆ ಆಸೆಪಟ್ಟು ಶುರು ಮಾಡಿ ಅರ್ಧಕ್ಕೇ ಬಿಟ್ಟವರನ್ನು ನೋಡಿದ್ದೇನೆ. ಹೆಚ್ಚಿನವರನ್ನು ಓಡಿಸಿದ್ದು ಮೊಂಡು ಉಳಿ. ಅದು ಮರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬಲ ಹಾಕಿ ತಳ್ಳುತ್ತೀರಿ, ಅದು ಜಾರುತ್ತದೆ, ಜಾರಿದ್ದು ಎಡಗೈಗೆ ಬಂದು ನಿಲ್ಲುತ್ತದೆ.

ಹೊಸ ಉಳಿ ಹರಿತವಾಗಿಯೇ ಬರುತ್ತದೆ ಅಂತ ನಂಬಬೇಡಿ. ಅದನ್ನು ತಿರುಗಿಸಿ ಚಪ್ಪಟೆ ಬೆನ್ನನ್ನು ಬೆಳಕಿಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ಉಜ್ಜಿದ ಗೀರುಗಳು ಅಡ್ಡಡ್ಡ ಕಾಣುತ್ತವೆ. ಉಳಿಯ ಬಾಯಿ ಅಂದರೆ ಬೆನ್ನು ಮತ್ತು ಇಳಿಜಾರು, ಈ ಎರಡು ಮುಖ ಕೂಡುವ ಗೆರೆ. ಇಳಿಜಾರನ್ನು ಎಷ್ಟೇ ಮಸೆದರೂ ಬೆನ್ನಿನಲ್ಲಿ ಗೀರು ಉಳಿದರೆ ಬಾಯಿ ಹಲ್ಲುಹಲ್ಲಾಗಿಯೇ ಇರುತ್ತದೆ. ಹಾಗಾಗಿ ಶುರು ಬೆನ್ನಿನಿಂದ. ಪೂರ್ತಿ ಉಜ್ಜಬೇಕಿಲ್ಲ, ತುದಿಯ 2–3 ಸೆಂ.ಮೀ. ಸಾಕು. 1000 ಗ್ರಿಟ್ ಕಲ್ಲಿನ ಮೇಲೆ (ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಬೆನ್ನನ್ನು ಚಪ್ಪಟೆ ಒತ್ತಿ, ಹಿಂದಕ್ಕೆ ಮುಂದಕ್ಕೆ ಉಜ್ಜಿ. ಆಮೇಲೆ 6000ದ ಕಲ್ಲಿನ ಮೇಲೆ, ತುದಿಯಲ್ಲಿ ನಿಮ್ಮ ಮುಖ ಕಾಣುವವರೆಗೆ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಆದರೆ ಒಂದು ಉಳಿಗೆ ಒಂದೇ ಸಲ.

ಕಲ್ಲು ಸಮವಾಗಿರಬೇಕು. ಮಸೆದಂತೆ ಅದು ನಡುವೆ ಸವೆದು ಗುಳಿ ಬೀಳುತ್ತದೆ. ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆ ಎಳೆಯಿರಿ, ದಪ್ಪ ಗಾಜಿನ ಮೇಲೆ ಒರಟು ಉಪ್ಪುಕಾಗದ ಹಾಸಿ ನೀರು ಹಾಕಿ ಉಜ್ಜಿ. ಗೆರೆಯೆಲ್ಲ ಅಳಿಸಿದಾಗ ಕಲ್ಲು ಸಮ.

ಈಗ ಇಳಿಜಾರು. ಸಾಮಾನ್ಯ ಉಳಿಗಳನ್ನು 25 ಡಿಗ್ರಿಗೆ ಕೊರೆದು ಕೊಟ್ಟಿರುತ್ತಾರೆ. ಅಷ್ಟನ್ನೂ ಮಸೆಯಲು ಹೋಗಬೇಡಿ. 30 ಡಿಗ್ರಿಗೆ ಎತ್ತಿ ತುದಿಯನ್ನು ಮಾತ್ರ ಮಸೆಯಿರಿ. ಅಲ್ಲಿ ಕೂದಲೆಳೆಯಷ್ಟು ಕಿರಿದಾದ ಹೊಳಪು ಪಟ್ಟಿ ಬಂದರೆ ಸಾಕು. ಕೋನ ಹಿಡಿಯಲು ಚಿಕ್ಕ ಗಾಲಿಯ ಗೈಡ್ ಸಿಗುತ್ತದೆ. ಉಳಿಯನ್ನು ಎರಡೂ ಪಕ್ಕದಿಂದ ಕಚ್ಚುವ ಹಳೇ ಮಾದರಿಯದಾದರೆ, ಉಳಿ ಗೈಡಿನಿಂದ 30 ಮಿ.ಮೀ. ಮುಂದೆ ಬಂದಾಗ ಕೋನ 30 ಡಿಗ್ರಿ, 40 ಮಿ.ಮೀ. ಬಂದಾಗ 25. ನಿಜವಾದ ಬಡಗಿ ಬರಿಗೈಯಲ್ಲೇ ಮಸೆಯಬೇಕು ಅನ್ನುವವರಿದ್ದಾರೆ. ಸುಮ್ನೆ ಜಂಬ. ಕೈ ಪಳಗಿದ ಮೇಲೆ ಗೈಡ್ ತಾನಾಗಿ ಮೂಲೆ ಸೇರುತ್ತದೆ.

ಎಷ್ಟು ಹೊತ್ತು ಮಸೆಯಬೇಕು? ಗಡಿಯಾರ ನೋಡಬೇಡಿ, ಬೆನ್ನನ್ನು ಮುಟ್ಟಿ ನೋಡಿ. ಬೆರಳನ್ನು ಬೆನ್ನಿನ ಮೇಲೆ ಬಾಯಿಯ ಕಡೆಗೆ, ಹೊರಕ್ಕೆ ಜಾರಿಸಿ. ಬಾಯಿಯ ಉದ್ದಕ್ಕೂ ಬೆರಳಿಗೆ ಸಣ್ಣಗೆ ಗರಗರ ತಗಲುತ್ತದಾ? ಅದೇ ಬರ್. ಉಕ್ಕು ಸವೆದು ಆಚೆ ಬದಿಗೆ ಮಡಚಿಕೊಂಡಿದೆ, ಅಂದರೆ ನೀವು ಬಾಯಿಯನ್ನು ತಲುಪಿದ್ದೀರಿ. ಒಂದು ಮೂಲೆಯಲ್ಲಿ ಮಾತ್ರ ತಗಲಿದರೆ ಇನ್ನೂ ಮಸೆಯಿರಿ. ಬರ್ ಬಾರದೆ ನಯವಾದ ಕಲ್ಲಿಗೆ ಹೋಗುವುದು ದಂಡ. ಬಂದ ಮೇಲೆ 6000ಕ್ಕೆ ಹೋಗಿ ಹಗುರವಾಗಿ ಎಳೆಯಿರಿ. ಕೊನೆಗೆ ಬೆನ್ನನ್ನು ಅದೇ ಕಲ್ಲಿನ ಮೇಲೆ ಚಪ್ಪಟೆ ಇಟ್ಟು ಬರ್ ತೆಗೆಯಿರಿ. ಬೆನ್ನನ್ನು ಮಾತ್ರ ಎತ್ತಬೇಡಿ.

ಗ್ರೈಂಡರ್ ಬೇಕಾಗುವುದು ಬಾಯಿ ಚಕ್ಕೆ ಹೋದಾಗ ಮಾತ್ರ. ಆಗಲೂ ಪದೇಪದೇ ನೀರಿನಲ್ಲಿ ಅದ್ದಿ. ತುದಿ ನೀಲಿಗೆ ತಿರುಗಿದರೆ ಆ ಜಾಗದ ಹದ ಹೋಯಿತು ಅಂತಲೇ. ಅಷ್ಟನ್ನೂ ಸವೆಸಿ ತೆಗೆಯಬೇಕು.

ಪರೀಕ್ಷೆ ಎರಡು. ಉಳಿಯ ಬಾಯಿಯನ್ನು ದೀಪಕ್ಕೆ ನೇರ ಹಿಡಿಯಿರಿ. ಮೊಂಡಾಗಿದ್ದರೆ ಬೆಳ್ಳನೆಯ ಗೆರೆ ಮಿನುಗುತ್ತದೆ. ಹರಿತವಾಗಿದ್ದರೆ ಏನೂ ಕಾಣುವುದಿಲ್ಲ, ಬೆಳಕು ಬೀಳಲು ಅಲ್ಲಿ ಜಾಗವೇ ಇಲ್ಲ. ಇನ್ನೊಂದು, ಪೈನ್‌ನಂಥ ಮೆದು ಮರದ ಅಡ್ಡಕೊಯ್ದ ತುದಿಯನ್ನು ಹೆರೆದು ನೋಡಿ. ಮೆದು ಮರವೇ ಯಾಕೆ ಅಂದರೆ ಅದರ ನಾರು ಬೇಗ ಕುಸಿಯುತ್ತದೆ, ಮೊಂಡು ಬಾಯಿ ಅದನ್ನು ಪುಡಿಮಾಡಿ ತೂತು ಬಿಡುತ್ತದೆ. ಹರಿತ ಉಳಿ ಕೈಯ ಒತ್ತಡಕ್ಕೇ ತೆಳು ಪದರ ಎಬ್ಬಿಸಿಕೊಂಡು ಹೋಗುತ್ತದೆ. ಕೆಳಗೆ ಉಳಿದ ಮರ ಮೇಣ ಸವರಿದಂತೆ ಹೊಳೆಯುತ್ತದೆ. ಉಪ್ಪುಕಾಗದ ಎಷ್ಟು ಉಜ್ಜಿದರೂ ಆ ಹೊಳಪು ಬರಲ್ಲ, ಯಾಕೆಂದರೆ ಅದು ಗೀರುತ್ತದೆ, ಕತ್ತರಿಸುವುದಿಲ್ಲ.

ಜನ ಇನ್ನೂ ಯಾಕೆ ಈ ಹಳೇ ಉಪಕರಣಗಳ ಹಿಂದೆ ಬೀಳುತ್ತಾರೆ ಅಂತ ಕೇಳಿದರೆ ನಾನು ಆ ತುಂಡನ್ನೇ ಕೈಗೆ ಕೊಡುತ್ತೇನೆ. ಮೆಷಿನ್ ಮೇಲೆ ನನಗೇನೂ ಸಿಟ್ಟಿಲ್ಲ, ದಪ್ಪ ಹಲಗೆ ಸೀಳಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ಹತ್ತರಿ ಹೊಡೆಯುವಾಗ ಮರದ ಎಳೆ ತಿರುಗಿದರೆ ಕಿವಿಗೆ ಗೊತ್ತಾಗುತ್ತದೆ. ಸುಯ್ ಅನ್ನುತ್ತಿದ್ದದ್ದು ಕಿರ್ ಅನ್ನುತ್ತದೆ. ಹಲಗೆ ತಿರುಗಿಸಿಟ್ಟು ಆಚೆಯಿಂದ ಹೊಡೆಯುತ್ತೀರಿ, ಅಷ್ಟೆ. ಮೋಟಾರಿನ ಗದ್ದಲದಲ್ಲಿ ಇದು ಎಲ್ಲಿ ಕೇಳಬೇಕು? ಸುಮಾರು 2000 ವರ್ಷದ ಹಿಂದಿನ ರೋಮನ್ ಹತ್ತರಿಗಳು ಇಟಲಿಯ ಪಾಂಪೆಯಲ್ಲಿ ಸಿಕ್ಕಿವೆ. ಓರೆಯಾಗಿ ಕೂರಿಸಿದ ಅಲಗು, ಬಿಗಿಸಲು ಬೆಣೆ. ಇವತ್ತಿನ ಮರದ ಹತ್ತರಿಯೂ ಹಾಗೇ ಇದೆ. ಅದರ ಅಲಗಿಗೂ ಸಾಣೆ ಹಿಡಿಯುವುದು ಇದೇ ರೀತಿ, ಎರಡು ಮೂಲೆಗಳನ್ನು ಮಾತ್ರ ಒಂಚೂರು ಜಾಸ್ತಿ ಮಸೆಯಿರಿ. ಇಲ್ಲದಿದ್ದರೆ ಹಲಗೆಯ ಮೇಲೆ ಮೆಟ್ಟಿಲು ಬೀಳುತ್ತದೆ.

ಕೆಲಸದ ನಡುವೆ ಉಳಿ ಭಾರ ಅನ್ನಿಸಿದ ಕೂಡಲೇ ನಿಲ್ಲಿಸಿ, ನಯವಾದ ಕಲ್ಲಿಗೆ ನಾಲ್ಕು ಸಲ ಎಳೆದು ಬನ್ನಿ. ಪೂರ್ತಿ ಮೊಂಡಾಗುವವರೆಗೆ ಕಾದರೆ ಮತ್ತೆ ಒರಟು ಕಲ್ಲಿನಿಂದ ಶುರು ಮಾಡಬೇಕಾಗುತ್ತದೆ. ಮುಗಿದ ಮೇಲೆ ನೀರು ಒರೆಸಿ, ಒಂದು ಹನಿ ಎಣ್ಣೆ ಸವರಿ, ಬಾಯಿಗೆ ಟೋಪಿ ಹಾಕಿಡಿ. ಮತ್ತೆ ಪೇಂಟ್ ಡಬ್ಬ ತೆರೆಯಲು ಮನೆಯವರಿಗೆ ಬೇರೆ ಒಂದು ಹಳೇ ಸ್ಕ್ರೂಡ್ರೈವರ್ ಕೊಟ್ಟುಬಿಡಿ.