ಧನ ದನವಾದ ಪುಟಗಳು: ಹಳೆಯ ಕನ್ನಡ ಪುಸ್ತಕಗಳನ್ನು ಕಂಪ್ಯೂಟರಿಗೆ ಓದಿಸಿದ ನನ್ನ ಅನುಭವ

ಮೊದಲ ಪುಟ ಓದಿಸಿದಾಗ 'ಅಮ್ಮ' ಅನ್ನುವುದು 'ಅಮ' ಆಗಿ ಬಂತು. 'ಹತ್ತು' ಹೋಗಿ 'ಹತು' ಆಯಿತು. ಒತ್ತುಗಳೆಲ್ಲ ಎಲ್ಲಿ ಹೋದವು ಅಂತ ಹುಡುಕಿದರೆ, ಪ್ರತಿ ಸಾಲಿನ ಕೆಳಗೂ ಇನ್ನೊಂದು ಸಾಲು ಹುಟ್ಟಿಕೊಂಡಿತ್ತು. ಅದರಲ್ಲಿ ಅಲ್ಪವಿರಾಮ, ಚುಕ್ಕಿ, ಗೀಟು, ಹೀಗೆ ಏನೇನೋ. ನಮ್ಮ ಪ್ರೋಗ್ರಾಂ ಒತ್ತುಗಳನ್ನು ಅವುಗಳ ಅಕ್ಷರದಿಂದ ಕತ್ತರಿಸಿ, ಅದೇ ಬೇರೆ ಸಾಲು ಅಂದುಕೊಂಡಿತ್ತು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಊರಿನ ಸಣ್ಣ ಗ್ರಂಥಾಲಯವೊಂದರಲ್ಲಿ ಮೊಳೆ ಅಚ್ಚಿನ, ಅಂದರೆ ಒಂದೊಂದೇ ಅಕ್ಷರದ ಅಚ್ಚನ್ನು ಕೈಯಲ್ಲಿ ಜೋಡಿಸಿ ಮುದ್ರಿಸುತ್ತಿದ್ದ ಕಾಲದ ಪುಸ್ತಕಗಳಿದ್ದವು. ಹಾಳೆ ಹಳದಿಯಾಗಿ, ಅಂಚು ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದರು. ಆದರೆ ಸ್ಕ್ಯಾನ್ ಅಂದರೆ ಬರೀ ಚಿತ್ರ, ಅದರಲ್ಲಿ ಪದ ಹುಡುಕೋಕೆ ಆಗಲ್ಲ ಅಲ್ವಾ. ನಾನು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಗ್ರಂಥಪಾಲಕರು ಹೇಳಿದ್ದು ಇಷ್ಟೇ: "ಸಾರ್, ಒಂದೂ ತಪ್ಪಿಲ್ಲದ ಪುಸ್ತಕ ಮಾಡಿಕೊಡಿ ಅಂತ ನಾನು ಕೇಳ್ತಿಲ್ಲ. ಯಾರಾದರೂ ಬಂದು ನಮ್ಮೂರ ಹೆಸರು ಎಲ್ಲಿದೆ ಅಂದರೆ ಪುಟ ತೆಗೆದು ತೋರಿಸೋ ಹಾಗಿರಬೇಕು."

ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಅದರ ಪೂರ್ತಿ ಅರ್ಥ ತಿಳಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಶುರು ಮಾಡಿದ್ದು ಟೆಸೆರಾಕ್ಟ್‌ನಿಂದ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯ ಮಾಡುವ ತಂತ್ರಾಂಶ ಇದು. 2018ರಲ್ಲಿ ಬಂದ 4ನೇ ಆವೃತ್ತಿ ನರಜಾಲದ, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮಿನ, ಸಹಾಯದಿಂದ ಒಂದಿಡೀ ಸಾಲನ್ನು ಒಟ್ಟಿಗೆ ಓದುತ್ತದೆ. ಕನ್ನಡವೂ ಅದಕ್ಕೆ ಬರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬ ಕನ್ನಡ ಒಸಿಆರ್ ಮಾಡಿದೆ. ಅವರ ಪ್ರಬಂಧಗಳನ್ನು ಓದಿದ ಮೇಲೆಯೇ ನಮಗೆ ಕನ್ನಡದ ಕಷ್ಟ ಎಲ್ಲಿದೆ ಅಂತ ತಿಳಿದಿದ್ದು. 34 ವ್ಯಂಜನ, ಪ್ರತಿಯೊಂದಕ್ಕೂ 34 ಒತ್ತು ಅಂದರೂ 1156 ಜೋಡಿ. ಅದರ ಮೇಲೆ ಕಾಗುಣಿತ. ಎಲ್ಲ ಜೋಡಿಗಳೂ ಬಳಕೆಯಲ್ಲಿಲ್ಲ, ನಿಜ. ಆದರೂ ಇಂಗ್ಲಿಷಿನ 26 ಅಕ್ಷರದ ಲೆಕ್ಕಾಚಾರ ಇಲ್ಲಿ ನಡೆಯೋದಿಲ್ಲ.

ಒತ್ತಿನ ವಿಷಯಕ್ಕೆ ಬರುತ್ತೇನೆ. ಪುಟವನ್ನು ಸಾಲು ಸಾಲಾಗಿ ಬಿಡಿಸೋಕೆ ಎಲ್ಲರೂ ಮಾಡುವ ಸುಲಭದ ದಾರಿ ಒಂದಿದೆ. ಚಿತ್ರದ ಪ್ರತಿ ಅಡ್ಡಗೆರೆಯಲ್ಲಿ ಎಷ್ಟು ಕಪ್ಪು ಚುಕ್ಕಿಗಳಿವೆ ಅಂತ ಎಣಿಸುವುದು. ಅಕ್ಷರ ಇರುವಲ್ಲಿ ಎಣಿಕೆ ಜಾಸ್ತಿ, ಸಾಲುಗಳ ನಡುವೆ ಸೊನ್ನೆ. ಸೊನ್ನೆ ಬಂದಲ್ಲಿ ಕತ್ತರಿಸಬೇಕು. ಮೊಳೆ ಅಚ್ಚಿನ ಕನ್ನಡದಲ್ಲಿ ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರುತ್ತದೆ. ಅಲ್ಲೂ ಸೊನ್ನೆ. ಅಲ್ಲೇ ಕತ್ತರಿ ಬೀಳುತ್ತಿತ್ತು.

ಈ ಜಾಗ ಯಾಕಿದೆ ಅಂತ ತಿಳಿದದ್ದು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದ ಹಿರಿಯರೊಬ್ಬರಿಂದ. ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು, ಸ್ಕ್ಯಾನ್ ಮಾಡಿದ ಪುಟವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಗ್ಗಿ ನೋಡಿದರು. "ಮೇಷ್ಟ್ರೇ, ಒತ್ತಿಗೆ ಬೇರೆ ಮೊಳೆ. ಅಕ್ಷರ ಇಟ್ಟು, ಪಕ್ಕದಲ್ಲಿ ಒತ್ತಿನ ಮೊಳೆ ಇಡ್ತಿದ್ವಿ. ಸವೆದ ಮೊಳೆ ಬಂದರೆ ಒತ್ತು ತೆಳ್ಳಗೆ ಬೀಳ್ತಿತ್ತು, ನೋಡಿ ಇಲ್ಲಿ" ಅಂತ ಬೆರಳಿಟ್ಟು ತೋರಿಸಿದರು. ಆಮೇಲೆ ಒಂದು '೧೦' ಸಂಖ್ಯೆ ನೋಡಿ, "ಇದು ಅಂಕಿಯ ಸೊನ್ನೆ ಇರಲಿಕ್ಕಿಲ್ಲ. ಖಾನೆಯಲ್ಲಿ ಸೊನ್ನೆ ಖಾಲಿಯಾದರೆ ಅನುಸ್ವಾರದ ಮೊಳೆಯನ್ನೇ ಹಾಕ್ತಿದ್ವಿ. ಓದೋರಿಗೆ ಏನು ವ್ಯತ್ಯಾಸ?" ಅಂದರು.

ಓದುವವರಿಗೆ ವ್ಯತ್ಯಾಸವಿಲ್ಲ, ಆದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರಕ್ಕೂ ಅಂಕಿಯ ಸೊನ್ನೆಗೂ ಬೇರೆ ಬೇರೆ ಸಂಕೇತ. ಎರಡು ವಾರದಿಂದ ನನ್ನ ವಿದ್ಯಾರ್ಥಿನಿ ಇವೆರಡರ ಆಕಾರದಲ್ಲಿ ವ್ಯತ್ಯಾಸ ಹುಡುಕುತ್ತಿದ್ದಳು. ಒಂದೇ ಮೊಳೆಯಾದರೆ ವ್ಯತ್ಯಾಸ ಎಲ್ಲಿಂದ ಬರಬೇಕು? ಅವತ್ತು ರಾತ್ರಿಯೇ ಆಕಾರದ ದಾರಿ ಬಿಟ್ಟೆವು. ಅಕ್ಕಪಕ್ಕ ಅಂಕಿ ಇದ್ದರೆ ಸೊನ್ನೆ, ಅಕ್ಷರ ಇದ್ದರೆ ಅನುಸ್ವಾರ. ನಾಲ್ಕು ಸಾಲಿನ ಕೋಡ್‌ನಲ್ಲಿ ಕೆಲಸ ಮುಗಿಯಿತು.

ಒತ್ತಿಗೂ ದಾರಿ ಸಿಕ್ಕಿತು. ಒಂದಕ್ಕೊಂದು ಅಂಟಿದ ಕಪ್ಪು ಚುಕ್ಕಿಗಳನ್ನೆಲ್ಲ ಸೇರಿಸಿ ಒಂದೊಂದು ತುಂಡು ಅಂತ ಎಣಿಸಿದೆವು. ಸಾಮಾನ್ಯ ಸಾಲಿನ ಅರ್ಧ ಎತ್ತರವೂ ಇಲ್ಲದ ಪಟ್ಟಿ ಸಿಕ್ಕರೆ ಅದು ಸ್ವತಂತ್ರ ಸಾಲಲ್ಲ. ಅದರ ಪ್ರತಿ ತುಂಡನ್ನೂ ಮೇಲಿನ ಸಾಲಿಗೆ ಸೇರಿಸಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿರುವ ಕಡೆ ಮಾತ್ರ ಇದು ಸೋಲುತ್ತದೆ. ಅಂಥ ಪುಟಗಳನ್ನು ಬೇರೆ ತೆಗೆದು ಕೈಯಲ್ಲಿ ಗೆರೆ ಎಳೆದೆವು.

ಇನ್ನು ಧನ ದನವಾದ ಕಥೆ. ಹಳೆಯ ಹಾಳೆಯ ಮೇಲೆ ಕಲೆ ಇರುತ್ತದೆ, ನೊಣದ ಚುಕ್ಕೆ ಇರುತ್ತದೆ. ಅದನ್ನು ಅಳಿಸೋಕೆ ಒಂದು ಫಿಲ್ಟರ್ ಹಾಕಿದ್ದೆವು. ಇಂತಿಷ್ಟಕ್ಕಿಂತ ಚಿಕ್ಕ ತುಂಡು ಕಂಡರೆ ಒರೆಸಿಬಿಡು ಅಂತ. ಪುಟ ಕಣ್ಣಿಗೆ ಚೆನ್ನಾಗಿ, ಬೆಳ್ಳಗೆ ಕಂಡಿತು. ಆದರೆ ಓದಿಸಿದರೆ 'ಧನ' ಇದ್ದಲ್ಲೆಲ್ಲ 'ದನ', 'ಭಾರ' ಇದ್ದಲ್ಲಿ 'ಬಾರ'. ಮಹಾಪ್ರಾಣದ ಕೆಳಗಿನ ಸಣ್ಣ ಸೀಳು ಆ ಅಚ್ಚಿನಲ್ಲಿ ಅಕ್ಷರಕ್ಕೆ ಅಂಟಿರಲಿಲ್ಲ. ಫಿಲ್ಟರ್ ಅದನ್ನೂ ಕಲೆಯ ಜೊತೆ ಒರೆಸಿತ್ತು. 'ಠ'ದ ಹೊಟ್ಟೆಯೊಳಗಿನ ಚುಕ್ಕಿಯೂ ಹೋಗಿ 'ರ' ಆಗಿತ್ತು. ಕನ್ನಡದಲ್ಲಿ ಅರ್ಥ ಬದಲಿಸುವ ಗುರುತುಗಳು ಕೆಲವೊಮ್ಮೆ ಕಲೆಗಿಂತ ಚಿಕ್ಕವು. ಹಾಗಾಗಿ ಬರೀ ಗಾತ್ರ ನೋಡಿ ಒರೆಸೋ ಹಾಗಿಲ್ಲ. ಅಕ್ಷರದ ಹತ್ತಿರ ಇರುವ ತುಂಡನ್ನು ಮುಟ್ಟಬಾರದು, ದೂರ ಒಂಟಿಯಾಗಿ ಬಿದ್ದಿರುವುದನ್ನು ಮಾತ್ರ ತೆಗೆಯಬೇಕು ಅಂತ ನಿಯಮ ಬದಲಿಸಿದೆವು.

ಕಪ್ಪು-ಬಿಳುಪು ಮಾಡುವ ಹಂತದಲ್ಲೂ ಇಂಥದ್ದೇ ಪಾಠ. 1979ರ ಓಟ್ಸು ವಿಧಾನ ಎಷ್ಟು ಗಾಢವಾಗಿದ್ದರೆ ಕಪ್ಪು ಅನ್ನಬೇಕು ಅನ್ನುವುದಕ್ಕೆ ಇಡೀ ಪುಟಕ್ಕೆ ಒಂದೇ ಮಿತಿ ಹಾಕುತ್ತದೆ. ಪುಸ್ತಕದ ಬೆನ್ನಿನ ಕಡೆ ನೆರಳಿದ್ದರೆ ಅಲ್ಲಿ ಎಲ್ಲವೂ ಕಪ್ಪು. 2000ದಲ್ಲಿ ಬಂದ ಸೌವೋಲ ವಿಧಾನ ಪ್ರತಿ ಜಾಗಕ್ಕೂ ಅದರ ಸುತ್ತಮುತ್ತ ನೋಡಿ ಮಿತಿ ಹಾಕುತ್ತದೆ. ಅದಕ್ಕೆ ಬದಲಾಯಿಸಿದ ಮೇಲೆ ಒಳ ಅಂಚಿನ ಪದಗಳು ಓದೋಕೆ ಸಿಕ್ಕವು.

ನನಗೆ ತುಂಬ ಕಲಿಸಿದ್ದು ತಪ್ಪು ಎಣಿಸುವ ಕೆಲಸ. ಯಂತ್ರ ಓದಿದ್ದು ಎಷ್ಟು ಸರಿ ಅಂತ ನೋಡೋಕೆ ಒಂದು ಉತ್ತರಪತ್ರಿಕೆ ಬೇಕು. ವಿದ್ಯಾರ್ಥಿಗಳು ನಲವತ್ತು ಪುಟ ಕೂತು ಟೈಪ್ ಮಾಡಿದರು. ಅದಕ್ಕೂ ಯಂತ್ರ ಓದಿದ್ದಕ್ಕೂ ಇರುವ ಅಂತರ ಎಣಿಸೋಕೆ 1965ರ ಲೆವೆನ್‌ಸ್ಟೈನ್ ಲೆಕ್ಕ ಬಳಸಿದೆವು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಕಡಿಮೆ ಅಂದರೆ ಎಷ್ಟು ಕಡೆ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಲೆಕ್ಕ ಅದು.

ಅಂಕ ತೀರಾ ಕಡಿಮೆ ಬಂತು. ಓದೋಕೆ ಕಲಿಯುವ ಆ ನರಜಾಲವನ್ನು, ಅಂದರೆ ಮಾದರಿಯನ್ನು, ದೊಡ್ಡದು ಮಾಡೋಣ, ಇನ್ನೂ ಒಂದು ವಾರ ತರಬೇತಿ ಕೊಡೋಣ ಅಂತ ಎಲ್ಲರೂ ಹೊರಟರು. ನಾನು ತಡೆದೆ. ತಪ್ಪುಗಳನ್ನು ಪ್ರಿಂಟ್ ತೆಗೆಸಿ ನಾಲ್ಕು ಜನ ಹಂಚಿಕೊಂಡು, ಕೆಂಪು ಪೆನ್ನು ಹಿಡಿದು, ಮೂಲ ಪುಟದ ಜೊತೆ ಒಂದೊಂದೇ ಹೋಲಿಸಿದೆವು. ಎರಡನೇ ಹಾಳೆಯಲ್ಲೇ ವಿಚಿತ್ರ ಕಂಡಿತು. ಉತ್ತರಪತ್ರಿಕೆಯಲ್ಲಿ 'ಹೋಗು', ಯಂತ್ರದಲ್ಲೂ 'ಹೋಗು'. ಆದರೆ ತಪ್ಪು ಅಂತ ಗುರುತು. ಕಾರಣ, 'ಹೋ' ಅನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲ ಅದರ ತುಂಡುಗಳನ್ನು ಬಿಡಿಬಿಡಿಯಾಗಿ ಜೋಡಿಸಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಕೀಲಿಮಣೆ ಬಳಸಿದ್ದ. ಒಬ್ಬನಂತೂ ಅನುಸ್ವಾರದ ಜಾಗದಲ್ಲಿ ಉದ್ದಕ್ಕೂ ಅಂಕಿಯ ಸೊನ್ನೆ ಒತ್ತಿದ್ದ, ಆ ಹಳೆಯ ಪ್ರೆಸ್ಸಿನವರು ಮಾಡಿದ್ದಕ್ಕೆ ನೇರ ಉಲ್ಟಾ. ಯಂತ್ರ ಸರಿಯಾಗಿ ಓದಿತ್ತು, ನಾವು ತಪ್ಪು ಅಂತ ಗೀಟು ಹಾಕಿದ್ದೆವು. ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತಂದು ಮತ್ತೆ ಎಣಿಸಿದಾಗ ತಪ್ಪಿನ ದೊಡ್ಡ ಪಾಲು ಸುಮ್ನೆ ಮಾಯವಾಯಿತು. ಮಾದರಿಯನ್ನು ಮುಟ್ಟಿಯೇ ಇರಲಿಲ್ಲ.

ಎಣಿಸೋದು ಏನನ್ನು ಅನ್ನುವುದೂ ಮುಖ್ಯ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ. ಮ ಒತ್ತು ಬಿಟ್ಟು 'ಲಕ್ಷಿ' ಅಂತ ಓದಿದರೆ ಏಳರಲ್ಲಿ ಎರಡು ತಪ್ಪು, ಅಂದರೆ ಸುಮಾರು 29%. ಅಕ್ಷರದ ಲೆಕ್ಕದಲ್ಲಿ ಎರಡರಲ್ಲಿ ಒಂದು, 50%. ಎರಡೂ ಸರಿಯಾದ ಲೆಕ್ಕವೇ. ಆದರೆ ಬರೀ ಮೊದಲನೆಯದನ್ನು ಹೇಳಿದರೆ ಓದುಗರಿಗೆ ಮೋಸ ಅಂತ ನನಗೆ ಅನಿಸುತ್ತದೆ. ನಾವು ಯಾವಾಗಲೂ ಎರಡನ್ನೂ ಬರೆದೆವು.

ಇನ್ನೊಂದು ದಿನ ತುಂಬ ಕಷ್ಟವಾಯಿತು. ಆಗ ಅಂಕ ಚೆನ್ನಾಗಿ ಬರುತ್ತಿತ್ತು. ಒಬ್ಬ ವಿದ್ಯಾರ್ಥಿ ಪ್ರಬಂಧ ಬರೆದು ಸಿದ್ಧನಾಗಿದ್ದ, ಕಳಿಸೋಕೆ ಮೂರು ದಿನ ಬಾಕಿ. ನಾನು ಯಂತ್ರಕ್ಕೆ ಕಲಿಸೋಕೆ ಬಳಸಿದ ತರಬೇತಿಯ ಪುಟಗಳ ಪಟ್ಟಿಯನ್ನೂ ಅದು ಕಲಿತದ್ದನ್ನು ಅಳೆಯೋ ಪರೀಕ್ಷೆಯ ಪುಟಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಪುಸ್ತಕದ 14ನೇ ಪುಟ ತರಬೇತಿಯಲ್ಲಿ, 15ನೇ ಪುಟ ಪರೀಕ್ಷೆಯಲ್ಲಿ. ಅದೇ ಪ್ರೆಸ್ಸು, ಅದೇ ಸವೆದ ಮೊಳೆ, ಅದೇ ಶಾಯಿ. ಯಂತ್ರ ಕನ್ನಡ ಓದೋಕೆ ಕಲಿತಿದೆಯೋ, ಆ ಪುಸ್ತಕವನ್ನು ಬಾಯಿಪಾಠ ಮಾಡಿದೆಯೋ ಹೇಗೆ ಗೊತ್ತಾಗಬೇಕು? ಪುಸ್ತಕಗಳನ್ನೇ ಬೇರೆ ಮಾಡಿ, ಯಂತ್ರ ಕಣ್ಣಿಂದಲೂ ನೋಡದ ಪುಸ್ತಕ ಕೊಟ್ಟಾಗ ತಪ್ಪು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಪ್ರಬಂಧ ಕಳಿಸಲಿಲ್ಲ. ಆ ಹುಡುಗನ ಮುಖ ಈಗಲೂ ನೆನಪಿದೆ. ಅವನೇ ಮರುವಾರ ಬಂದು, "ಸಾರ್, ಬೇರೆ ಬೇರೆ ಪ್ರೆಸ್ಸಿನ ಪುಸ್ತಕ ಹುಡುಕೋಣ" ಅಂದ. ಕಂಪ್ಯೂಟರ್ ಫಾಂಟ್‌ಗಳಿಂದ ನಾವೇ ತಯಾರಿಸಿದ ಸಾವಿರಾರು ನಕಲಿ ಸಾಲುಗಳಿಗಿಂತ, ಹತ್ತು ಬೇರೆ ಪ್ರೆಸ್ಸುಗಳ ಕೆಲವೇ ನೂರು ನಿಜವಾದ ಸಾಲುಗಳು ಹೆಚ್ಚು ಕೆಲಸಕ್ಕೆ ಬಂದವು.

ಕೊನೆಗೆ ಗ್ರಂಥಪಾಲಕರ ಮಾತಿಗೇ ವಾಪಸ್ ಬಂದೆವು. ತಪ್ಪು ತಿದ್ದೋಕೆ ನಿಘಂಟು ಜೋಡಿಸಿದ್ದೆವು. ಓದಿದ ಪದ ನಿಘಂಟಿನಲ್ಲಿ ಇಲ್ಲದಿದ್ದರೆ ಹತ್ತಿರದ ಪದ ಹಾಕು ಅಂತ. ಒಟ್ಟು ಅಂಕ ಮೇಲೆ ಹೋಯಿತು. ಆದರೆ ಹುಡುಕಿದರೆ ಊರಿನ ಹೆಸರೇ ಸಿಗುತ್ತಿರಲಿಲ್ಲ. 'ಕುಂಸಿ' ನಿಘಂಟಿನಲ್ಲಿ ಇಲ್ಲ, ಅದು 'ಕುಸಿ' ಆಯಿತು. 'ಸೊರಬ' ಹೋಗಿ 'ಸೊರಗು' ಆಯಿತು. ಜನ ಬಂದು ಹುಡುಕೋದೇ ಊರಿನ ಹೆಸರು, ಮನೆತನದ ಹೆಸರು. ನಾವು ಸರಿಯಾಗಿ ಅವನ್ನೇ ಅಳಿಸುತ್ತಿದ್ದೆವು!

ನಿಘಂಟು ತೆಗೆದುಹಾಕಿದೆವು. ಯಂತ್ರ ಓದಿದ್ದನ್ನು ತಿದ್ದದೆ ಹಾಗೇ ಇಟ್ಟು, ಹುಡುಕುವ ರೀತಿಯನ್ನು ಬದಲಿಸಿದೆವು. ಯಂತ್ರ ಜಾಸ್ತಿ ಗೊಂದಲ ಮಾಡಿಕೊಳ್ಳುವ ಅಕ್ಷರಗಳನ್ನು ಗುಂಪು ಮಾಡಿದೆವು: ದ, ಧ, ಥ ಒಂದು ಗುಂಪು. ಬ, ಭ ಒಂದು. ಪ, ಫ ಒಂದು. ರ, ಠ ಒಂದು. ಹ್ರಸ್ವ ದೀರ್ಘಗಳೂ ಒಂದೇ. ಪ್ರತಿ ಪದಕ್ಕೂ ಈ ಗುಂಪುಗಳ ಪ್ರಕಾರ ಒಂದು ಕೀಲಿ, ಅಂದರೆ ಒಂದು ಗುಂಪಿನ ಅಕ್ಷರಗಳಿಗೆಲ್ಲ ಒಂದೇ ಗುರುತು ಹಾಕಿ ಬರೆದ ರೂಪ. ಬಳಕೆದಾರರು ಟೈಪ್ ಮಾಡಿದ ಪದಕ್ಕೂ ಅದೇ ಥರ ಕೀಲಿ ಮಾಡಿ ಹೊಂದಿಸುವುದು. ಹೀಗೆ 'ಧಾರವಾಡ' ಹುಡುಕಿದರೆ 'ದಾರವಾಡ' ಅಂತ ಓದಿಟ್ಟ ಪುಟವೂ ಸಿಗುತ್ತದೆ. ಗುಂಪು ತೀರಾ ದೊಡ್ಡದಾದರೆ ಬೇಡದ್ದೂ ಬರುತ್ತದೆ. ಯಾವುದನ್ನು ಸೇರಿಸಬೇಕು ಅನ್ನುವುದನ್ನು ನಮ್ಮ ಕೆಂಪು ಪೆನ್ನಿನ ಹಾಳೆಗಳೇ ಹೇಳಿದವು. ಫಲಿತಾಂಶದಲ್ಲಿ ಯಂತ್ರದ ಪಠ್ಯ ತೋರಿಸುವುದಿಲ್ಲ. ಮೂಲ ಪುಟದ ಆ ಒಂದು ಸಾಲಿನ ಚಿತ್ರವನ್ನೇ ಕತ್ತರಿಸಿ ತೋರಿಸುತ್ತೇವೆ. ಸರಿಯೋ ತಪ್ಪೋ ಅಂತ ನೋಡಿದವರಿಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಮೊದಲು ಅದನ್ನು ಬಳಸಿದ್ದು ಗ್ರಂಥಾಲಯಕ್ಕೆ ದಿನಾ ಬರುವ ಒಬ್ಬ ಅಜ್ಜಿ. ತಮ್ಮ ತವರೂರಿನ ಹೆಸರು ಹೇಳಿದರು, ಗ್ರಂಥಪಾಲಕರು ಟೈಪ್ ಮಾಡಿದರು. ಮೂರು ಸಾಲುಗಳು ಬಂದವು. ಒಂದು ತಪ್ಪು, ಬೇರೆ ಪದ. ಎರಡು ಸರಿ. ಅಜ್ಜಿ ಪರದೆಯ ಮೇಲಿನ ಆ ಸಾಲನ್ನು ಬೆರಳಿಟ್ಟು ನಿಧಾನಕ್ಕೆ ಓದಿದರು, ಆಮೇಲೆ "ಈ ಪುಸ್ತಕ ಎಲ್ಲಿದೆ, ಕೊಡಪ್ಪ" ಅಂದರು.

ಅರ್ಕಾವತ್ತು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. 'ಸೂರ್ಯ' ಪದದಲ್ಲಿ ಕಣ್ಣಿಗೆ ಮೊದಲು ಯ ಕಾಣುತ್ತದೆ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ರ ಮೊದಲು, ಯ ಆಮೇಲೆ. ಎಡದಿಂದ ಬಲಕ್ಕೆ ಓದಿಕೊಂಡು ಹೋಗುವ ಯಂತ್ರಕ್ಕೆ ಈ ಹಿಂದುಮುಂದು ಕಷ್ಟ. ಈಗ ತರಬೇತಿಯ ಪಠ್ಯದಲ್ಲಿ ಅರ್ಕಾವತ್ತನ್ನು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಇಟ್ಟು, ಓದಿದ ಮೇಲೆ ಸರಿಯಾದ ಜಾಗಕ್ಕೆ ತರುವ ಪ್ರಯತ್ನ ನಡೆಯುತ್ತಿದೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳು ಅದನ್ನು ಹೀಗೇ ಇಡುತ್ತಿದ್ದವು. ಹೋದ ವಾರ 'ಕರ್ನಾಟಕ' ಸರಿಯಾಗಿ ಬಂತು. 'ಆಶ್ಚರ್ಯ' ಇನ್ನೂ ಬಂದಿಲ್ಲ.