ಬ್ಯಾಂಜೋ ಶ್ರುತಿಗೆ ಕೂತ ನಮ್ಮ ಮೊದಲ ಆಲ್ಬಂ

ನಮ್ಮ ಆಲ್ಬಂ ಕೇಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಆ ಕಿರಿಚುವ ವಾದ್ಯ ಯಾವುದು ಅಂತ. ಅದು ಬುಲ್‌ಬುಲ್ ತರಂಗ್. ಮುಂಬೈಯಲ್ಲಿ ಇದಕ್ಕೆ ಬ್ಯಾಂಜೋ ಅಂತಲೇ ಹೆಸರು, ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿಯಲ್ಲಿ ಇಡೀ ಬೀದಿಗೆ ಕೇಳಿಸುತ್ತದಲ್ವಾ, ಅದೇ. ಅಮೆರಿಕದ ಬ್ಯಾಂಜೋಗೂ ಇದಕ್ಕೂ ಸಂಬಂಧ ಇಲ್ಲ, ಇದರ ಮೂಲ ಜಪಾನಿನ ತೈಶೋಗೊತೊ. ಉದ್ದದ ಪೆಟ್ಟಿಗೆ, ಮೇಲೆ ಟೈಪ್‌ರೈಟರ್ ತರಹದ ಕೀಗಳು. ಎಡಗೈಯಲ್ಲಿ ಕೀ ಒತ್ತಿ ಬಲಗೈಯಲ್ಲಿ ತಂತಿ ಮೀಟಬೇಕು.

ನಾವು ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡದವರು. ಹಾಡುಗಳೆಲ್ಲ ಇಲ್ಲಿಯ ಗೋಳೇ: ಬಾಡಿಗೆ ಮನೆ, ಫಾಸ್ಟ್ ಲೋಕಲ್, ಸೊಸೈಟಿ ಮೀಟಿಂಗ್. ಇವಕ್ಕೆ ಗಿಟಾರ್ ಹಾಕಿದರೆ ಕೇಳಲು ಚೆನ್ನಾಗೇ ಇರುತ್ತಿತ್ತು, ಆದ್ರೆ ಬೇರೆ ಯಾರದ್ದೋ ಬ್ಯಾಂಡ್ ಅನ್ನಿಸುತ್ತಿತ್ತು.

ಬ್ಯಾಂಜೋದ ಕಷ್ಟ ಶ್ರುತಿ. ಕೀ ಜೋರಾಗಿ ಒತ್ತಿದರೆ ತಂತಿ ಬಿಗಿದು ಸ್ವರ ಸ್ವಲ್ಪ ಮೇಲೇರುತ್ತದೆ. ಜೋಡಿ ತಂತಿಗಳೂ ಪಕ್ಕಾ ಒಂದೇ ಸಮ ಇರುವುದಿಲ್ಲ, ಆ ನಡುಕವೇ ಅದರ ರುಚಿ. ಸಾಫ್ಟ್‌ವೇರಿನಲ್ಲಿ ಪಿಚ್ ತಿದ್ದಿದ್ದನ್ನು ಕೇಳಿ ನಮ್ಮಲ್ಲಿ ಹಾಡುವ ಅಕ್ಕ, "ಎಂತ ಮಾರಾಯ, ಇದು ಮೊಬೈಲ್ ರಿಂಗ್‌ಟೋನ್ ಆಯ್ತಲ್ಲ" ಅಂದರು. ಹಾಗಾಗಿ ಬ್ಯಾಂಜೋವನ್ನು ಅದರ ಪಾಡಿಗೆ ಬಿಟ್ಟು ಕೀಬೋರ್ಡನ್ನೇ ಅದರ ಕಡೆಗೆ ಸರಿಸಿದೆವು. ಸೆಂಟ್ ಅಂದ್ರೆ ಶ್ರುತಿಯ ಅಳತೆ; ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎಲ್ಲ ಸೇರಿಸಿ ಒಂದು ಕೀಯಿಂದ ಪಕ್ಕದ ಕೀಗೆ 100 ಸೆಂಟ್ ಅಂತರ, ಅದರಲ್ಲಿ ಕೆಲವೇ ಸೆಂಟ್ ಏರಿಸಿದರೂ ಬ್ಯಾಂಜೋ, ಕೀಬೋರ್ಡ್ ಎರಡೂ ಜಗಳ ಬಿಟ್ಟು ಕೂರುತ್ತವೆ. ಬಾಸ್, ಗಿಟಾರ್ ಎಲ್ಲ ಆಮೇಲೆ ಅದೇ ಶ್ರುತಿಗೆ.

ರೆಕಾರ್ಡ್ ಮಾಡುವಾಗ ಪೆಟ್ಟಿಗೆಯ ಅಡಿಗೆ ಪೀಜೋ ಪಿಕಪ್ (ಮರದ ನಡುಕವನ್ನೇ ನೇರವಾಗಿ ಹಿಡಿಯುವ ಪುಟ್ಟ ಬಿಲ್ಲೆ) ಅಂಟಿಸಿ, ಎದುರಿಗೆ ಒಂದು ಮೈಕ್ ಇಟ್ಟೆವು. ಪೀಜೋದಲ್ಲಿ ಕೀಗಳ ಟಕಟಕ ಜಾಸ್ತಿ, ಮೈಕಿನಲ್ಲಿ ತಂತಿಯ ದನಿ. ಆ ಟಕಟಕ ನನಗೆ ಎಷ್ಟು ಹಿಡಿಸಿತು ಅಂದ್ರೆ, ಒಂದು ಹಾಡಿನಲ್ಲಿ ಡ್ರಮ್ಸ್ ತೆಗೆದೇ ಬಿಟ್ಟು ತಾಳಕ್ಕೆ ಅದನ್ನೇ ಇಟ್ಟುಕೊಂಡೆವು.

ಹಾಡಿದ್ದು ಬೆಡ್‌ರೂಮಿನಲ್ಲಿ, ಬಟ್ಟೆ ತುಂಬಿದ ಕಪಾಟು ತೆರೆದಿಟ್ಟು, ಬೆನ್ನ ಹಿಂದೆ ರಜಾಯಿ ಕಟ್ಟಿ. ಕೊನೆಯ ಲೋಕಲ್ ಹೋದ ಮೇಲೆ ಶುರು. ಫ್ಯಾನ್ ಆಫ್. ಮೇ ತಿಂಗಳು ಬೇರೆ, ಬೆವರು ಕೇಳಲೇಬೇಡಿ. ಗೂಡ್ಸ್ ಗಾಡಿ ಬಂದರೆ ಸುಮ್ನೆ ಕಾಯುವುದು. ಉಳಿದ ಗುಂಯ್ ಸದ್ದನ್ನು 80 ಹರ್ಟ್ಜ್ ಕೆಳಗೆ ಕತ್ತರಿಸಿದರೆ ಸಾಕು, ದನಿಗೆ ಏನೂ ಆಗುವುದಿಲ್ಲ.

ಮಿಕ್ಸಿಂಗಿನಲ್ಲಿ ನನ್ನ ಹಟ ಒಂದೇ: ಸುಮ್‌ಸುಮ್ನೆ ಜೋರು ಮಾಡಬಾರದು. ಸ್ಪಾಟಿಫೈ ಹೇಗೂ ಎಲ್ಲ ಹಾಡನ್ನೂ ಸುಮಾರು -14 ಲಫ್ಸ್‌ಗೆ (LUFS, ಸದ್ದು ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ತಂದು ನಿಲ್ಲಿಸುತ್ತದೆ. ಒತ್ತಿ ಒತ್ತಿ ಜೋರು ಮಾಡಿದರೆ ಬ್ಯಾಂಜೋದ ಚುಚ್ಚು ಹೋಗುತ್ತದೆ, ಸದ್ದು ಮಾತ್ರ ಅಷ್ಟೇ ಇರುತ್ತದೆ. ಆದರೆ 3 ಕಿಲೋಹರ್ಟ್ಜ್ ಸುತ್ತಮುತ್ತ ಕಿವಿ ಬಹಳ ಸೂಕ್ಷ್ಮ, ಬ್ಯಾಂಜೋ ಕೂಗುವುದೂ ಅಲ್ಲೇ, ಅದಕ್ಕೆ ಅಕ್ಕ ಹಾಡುವ ಕಡೆಗಳಲ್ಲಿ ಮಾತ್ರ ಅದನ್ನು ಸ್ವಲ್ಪ ತಗ್ಗಿಸಿದ್ದೇನೆ. ಬೇರೆ ಕಡೆ ಇಲ್ಲ. ಹೆಡ್‌ಫೋನಿನಲ್ಲಿ ಕೇಳುವವರು ವಾಲ್ಯೂಮ್ ನೋಡಿಕೊಳ್ಳಿ, ಎರಡನೇ ಹಾಡಿನಲ್ಲಿ ಅದು ಹೇಳದೆ ಕೇಳದೆ ನುಗ್ಗುತ್ತದೆ.