ಹುಳ ಸಿಕ್ಕಿದ್ದು ಒಂದು ರಾತ್ರಿ, ಹೆಸರಿಡಲು ಮೂರು ವರ್ಷ

ಪುಣೆಯ ಪಶ್ಚಿಮಕ್ಕೆ, ಮುಳಶಿ ತಾಲೂಕಿನಲ್ಲಿ ಸ್ನೇಹಿತರೊಬ್ಬರ ತೋಟವಿದೆ. ಅದನ್ನು ನೋಡಿಕೊಳ್ಳುವವರು ವಿಜಯಪುರ ಕಡೆಯಿಂದ ಬಂದು ನೆಲೆಸಿದ ಹಿರಿಯರು. ನಾನು ಕಾಕಾ ಅಂತಲೇ ಕರೆಯುತ್ತೇನೆ. ಜೂನ್ ತಿಂಗಳ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಅಮಾವಾಸ್ಯೆ ಹತ್ತಿರ. ಎರಡು ಮರಗಳ ನಡುವೆ ಬಿಳಿ ಪಂಚೆ ಕಟ್ಟಿ, ಮುಂದೆ 160 ವ್ಯಾಟಿನ ಮರ್ಕ್ಯುರಿ ಬಲ್ಬ್ ಹೊತ್ತಿಸಿದೆವು. ಎಂಟು ಗಂಟೆಗೆಲ್ಲಾ ಪಂಚೆ ಕಾಣದಷ್ಟು ಹುಳ.

"ಏನ್ರಿ ಸರ, ಇಷ್ಟು ಓದಿ ಗೊಣ್ಣಿಹುಳ ಹಿಡಿಯಾಕ ಬಂದೀರೇನ?" ಎಂದು ಕಾಕಾ ನಕ್ಕರು.

ಅವರು ಹೇಳಿದ್ದು ತಪ್ಪೇನಲ್ಲ. ಮಣ್ಣೊಳಗೆ ಬೇರು ತಿನ್ನುವ ಬಿಳಿ ಮರಿಗೆ ನಮ್ಮ ಕಡೆ ಗೊಣ್ಣೆಹುಳು ಅಂತಾರೆ, ಇಲ್ಲಿನ ರೈತರು ಹುಮಣಿ ಅಂತಾರೆ. ಅದೇ ರೆಕ್ಕೆ ಬಲಿತು, ಮಳೆಗೆ ಮೇಲೇಳುತ್ತದೆ. ನಾನು ಹುಡುಕುತ್ತಿದ್ದುದು ಅದರ ಸಣ್ಣ ನೆಂಟರನ್ನು. ಸ್ಕ್ಯಾರಬ್ ಕುಟುಂಬದ ಸೆರಿಸಿನಿ ಗುಂಪು. ಎಂಟೊಂಬತ್ತು ಮಿಲಿಮೀಟರ್ ಉದ್ದ, ಕಂದು ಬಣ್ಣ, ಮಖಮಲ್ಲಿನಂಥ ಮಂಕು ಮೈ. ಇದರ ಮಲಾಡೆರಾ ಕುಲ ಒಂದರಲ್ಲೇ ನೂರಾರು ಪ್ರಭೇದಗಳು. ಪಕ್ಕಪಕ್ಕ ಇಟ್ಟರೆ ಒಂದೇ ಬಾಣಲೆಯಲ್ಲಿ ಹುರಿದ ಕಾಫಿ ಬೀಜ, ಅಷ್ಟೇ.

ಬೇರೆ ಬೇರೆ ಅಂತ ಗುರುತಿಸಲು ನಂಬಬಹುದಾದದ್ದು ಗಂಡಿನ ಜನನಾಂಗ. ಅದರ ತುದಿಯಲ್ಲಿ ಪ್ಯಾರಮಿಯರ್ ಎಂಬ ಎರಡು ಗಟ್ಟಿ ಕೊಂಡಿಗಳಿರುತ್ತವೆ. ಈ ಗುಂಪಿನಲ್ಲಿ ಎಷ್ಟೋ ಸಲ ಎಡದ್ದು ಬಲದ್ದರ ಹಾಗಿರುವುದಿಲ್ಲ. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯಿಂದ ಸಣ್ಣ ಚಿಮಟದಲ್ಲಿ ಅದನ್ನು ಹೊರಗೆಳೆಯಬೇಕು. ಅಂಟಿದ ಮಾಂಸ ಕರಗಲು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸ್ವಲ್ಪ ಹೊತ್ತು ಬಿಸಿ ಮಾಡಬೇಕು. ಪಕ್ಕದಲ್ಲೇ ನಿಂತಿರಬೇಕು.

ನಾನು ನಿಲ್ಲಲಿಲ್ಲ. ಆ ರಾತ್ರಿಯ ರಾಶಿಯಲ್ಲಿ ವಿಚಿತ್ರ ಗಂಡು ಇದ್ದದ್ದು ಒಂದೇ. ಎಡಗೊಂಡಿ ಕುಡುಗೋಲಿನ ಹಾಗೆ ಬಾಗಿತ್ತು. ಖುಷಿ ತಡೆಯಲಾಗದೆ ಧಾರವಾಡಕ್ಕೆ, ಅಣ್ಣನಿಗೆ ಫೋನ್ ಹಚ್ಚಿದೆ. ಮಾತು ಮನೆ, ಮಳೆ, ಹೊಲ ಅಂತ ಬೆಳೆಯಿತು. ಬಂದು ನೋಡಿದರೆ ದ್ರಾವಣ ಬತ್ತಿ, ಕುಡುಗೋಲು ಸೀದು ಗಾಜಿಗೆ ಹತ್ತಿಕೊಂಡಿದೆ. ಫೋಟೊ ಕೂಡ ತೆಗೆದಿರಲಿಲ್ಲ. ಇವು ಕಾಣಿಸುವುದು ವರ್ಷಕ್ಕೊಮ್ಮೆ, ಮಳೆ ಶುರುವಾದಾಗ. ಸುಮ್ನೆ ಮುಂದಿನ ಜೂನ್‌ವರೆಗೆ ಕಾಯಬೇಕಾಯಿತು.

ಎರಡನೇ ವರ್ಷ ಅದೇ ಮರ, ಅದೇ ಪಂಚೆ. ಮೂರು ರಾತ್ರಿ ಬರಿಗೈ. ನಾಲ್ಕನೆಯ ರಾತ್ರಿ ನಾಲ್ಕು ಗಂಡು ಸಿಕ್ಕವು. ಎರಡು ಹೆಣ್ಣೂ ಇದ್ದವು, ಆದರೆ ಅವು ಇದರವೇ ಅಂತ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ. ಲೆಕ್ಕಕ್ಕೆ ಸೇರಿಸಲಿಲ್ಲ.

ಹೊಸದು ಅಂತ ಹೇಗೆ ಗೊತ್ತಾಗುತ್ತೆ ಎಂದು ಎಲ್ಲರೂ ಕೇಳುತ್ತಾರೆ. ಹಳೆಯದು ಯಾವುದೂ ಅಲ್ಲ ಅಂತ ಒಂದೊಂದನ್ನೇ ದಾಟುತ್ತಾ ಹೋಗಬೇಕು. ಭಾರತದ ಸೆರಿಸಿನಿಗಳ ಬಗ್ಗೆ ಆರೆನ್ಸ್ ಮತ್ತು ಫ್ಯಾಬ್ರಿಜಿ 2016ರಲ್ಲಿ ತಂದ ದೊಡ್ಡ ಗ್ರಂಥ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಕಾಲೇಜು ಮುಗಿಸಿ ಬಂದು ರಾತ್ರಿಯೆಲ್ಲ ಅದರ ಚಿತ್ರಗಳ ಪಕ್ಕ ನನ್ನ ಹುಳ. ಒಂದು ಚಿತ್ರ ಮಾತ್ರ ನಿದ್ದೆ ಕೆಡಿಸಿತು. 1890ರ ದಶಕದಲ್ಲಿ ಜರ್ಮನಿಯ ಬ್ರೆನ್ಸ್ಕೆ ಹೆಸರಿಟ್ಟ ಹುಳ ಅದು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಅವನು ಹೆಸರಿಟ್ಟ ಮೂಲ ಮಾದರಿಯ ಪಕ್ಕದ ನೋಟದ ಫೋಟೊ ಬೇಕೆಂದು ಪತ್ರ ಬರೆದೆ. ಮೇಲ್ ಬಂದಾಗ ತೆರೆಯಲು ಕೈ ನಡುಗಿತು. ಅದರ ಕೊಂಡಿ ನೆಟ್ಟಗಿತ್ತು. ನನ್ನದು ಬಾಗಿತ್ತು.

ಆಮೇಲಿನದು ಬರವಣಿಗೆ, ಅಳತೆ, ಪರಿಶೀಲಕರ ಪ್ರಶ್ನೆಗಳು. ಹೆಸರು ಉಳಿಯಬೇಕಾದರೆ ಅದಕ್ಕೆ ಆಧಾರ ಯಾವ ಹುಳ ಎಂದು ಸ್ಪಷ್ಟವಾಗಿ ಬರೆಯಬೇಕು. ಹಾಗೆ ಆರಿಸಿದ ಒಂದೇ ಮಾದರಿಗೆ ಹೋಲೋಟೈಪ್ ಅಂತಾರೆ. ಆರೂ ಕಾಲು ನೆಟ್ಟಗಿದ್ದದ್ದು ಒಂದೇ ಗಂಡು, ಅದನ್ನೇ ಆರಿಸಿದೆ. ಹೆಸರು ಏನು ಅನ್ನುವಾಗ ನನ್ನಾಕೆ, "ನಿಮ್ಮ ಹೆಸರೇ ಇಡ್ರಿ, ಸೀಯಿಸಿದ್ದೂ ನೀವೇ ಅಲ್ವಾ" ಅಂದಳು. ತನ್ನ ಹೆಸರು ತಾನೇ ಇಟ್ಟುಕೊಳ್ಳಲು ನಿಯಮದ ಅಡ್ಡಿ ಇಲ್ಲ, ಆದರೆ ಈ ಕ್ಷೇತ್ರದಲ್ಲಿ ಜನ ನಗುತ್ತಾರೆ. ಊರಿನ ಹೆಸರಿಗೆ, 'ಆ ಊರಿನದು' ಎಂಬರ್ಥದ ಲ್ಯಾಟಿನ್ ಬಾಲ 'ಎನ್ಸಿಸ್' ಸೇರಿಸಿದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿದ್ದಾಯಿತು. ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಕೊಡಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ನಮಗೆ ಹತ್ತಿರದ್ದು ಆಕುರ್ಡಿಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಕೇಂದ್ರ. ಪಿನ್ನಿಗೆ ಕೆಂಪು ಚೀಟಿ ಚುಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್‌ನಲ್ಲಿ ಹೋದೆ.

ಪ್ರಬಂಧದ ಪ್ರಿಂಟ್ ತೆಗೆದುಕೊಂಡು ಕಾಕಾನ ಬಳಿ ಹೋದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ದಿನ ಇದಕ್ಕ ಹೆಸರಾ ಇರಲಿಲ್ಲೇನ್ರಿ?"

"ಇರಲಿಲ್ಲ ಕಾಕಾ."

"ಇರಲಿ. ಇದರ ಮರಿ ನಮ್ಮ ಶೇಂಗಾ ಬೇರ ತಿಂತೈತೇನು, ಅದನ್ನ ಹೇಳ್ರಿ."

ಮಳೆ ಹಿಡಿದ ಮೇಲೆ ಮರದ ಬುಡ ಅಗೆದು ನೋಡೋಣ ಅಂದೆ. ಕಾಕಾ ಆಗಲೇ ಸಲಿಕೆ ಹುಡುಕಲು ಎದ್ದಿದ್ದರು.